ಮೂರು ಮನೆಯ ಬೆಕ್ಕು

ಬಸವೇಶ್ವರನಗರದ ನಮ್ಮ ಮನೆಯ ಬೆಕ್ಕಿಗೆ ನಾನಿಟ್ಟ ಹೆಸರು ಗೌರಿ. ಅದಕ್ಕೆ ಇನ್ನೂ ಎರಡು ಹೆಸರುಗಳಿವೆ ಎಂಬುದು ಬಹಳ ದಿನ ನನಗೆ ಗೊತ್ತೇ ಇರಲಿಲ್ಲ. ಹಿಂದಿನ ಬೀದಿಯವರು ಪಿಂಕಿ ಎಂದು ಕರೆದು ಮೊಸರನ್ನ ಹಾಕುತ್ತಿದ್ದರಂತೆ. ಮೂಲೆಮನೆ ಮಾಮಿಗೆ ಅದು ಮೀನಾಕ್ಷಿ!

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಬೆಕ್ಕನ್ನು ಯಾರು ಕೂಡಿಹಾಕುತ್ತಾರೆ? ಅಟ್ಟ, ಕೊಟ್ಟಿಗೆ, ತೋಟ ಎಲ್ಲವೂ ಅದರದೇ. ಆ ಅಭ್ಯಾಸವನ್ನೇ 30-40ರ ಸೈಟಿಗೂ ತಂದಿದ್ದೆ. ಇಲ್ಲಿ ಗೇಟು ದಾಟಿದರೆ ನಾಯಿಗಳ ಹಿಂಡು, ಅದರಾಚೆ ಹಾವನೂರು ವೃತ್ತದ ಬಸ್ಸು, ಆಟೋಗಳು. ಆದರೂ, 'ಬೆಕ್ಕಿಗೆ ಬುದ್ಧಿ ಹೇಳಬೇಕೆ?' ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಗೌರಿ ಒಗೆಯುವ ಕಲ್ಲಿನ ಪಕ್ಕ ಬಿದ್ದಿತ್ತು. ಒಸಡು ಬಿಳಿಚಿ, ಮೂಗಿನಲ್ಲಿ ರಕ್ತ. ಬುಟ್ಟಿಯಲ್ಲಿ ಹಾಕಿಕೊಂಡು ಆಟೋ ಹತ್ತಿದೆ. ಪಶುವೈದ್ಯರು, "ಪಾಷಾಣ ತಿಂದ ಇಲಿಯನ್ನು ಹಿಡಿದು ತಿಂದಿರಬೇಕಮ್ಮ" ಎಂದರು. ಕೆಲವು ಪಾಷಾಣಗಳಿಂದ ಇಲಿ ಕೂಡಲೇ ಸಾಯುವುದಿಲ್ಲವಂತೆ. ನಾಲ್ಕಾರು ದಿನ ಸುಸ್ತಾಗಿ ಓಡಾಡಿಕೊಂಡಿದ್ದು ಬೆಕ್ಕಿನ ಬಾಯಿಗೆ ಸುಲಭವಾಗಿ ಸಿಗುತ್ತದೆ. ಆ ವಿಷ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಅದಕ್ಕೆ ವಿಟಮಿನ್ ಕೆ ಕೊಡಬಹುದು. ಜಿಂಕ್ ಫಾಸ್ಫೈಡ್ ಆಗಿದ್ದರೆ ಅದಕ್ಕೆ ಪ್ರತ್ಯೌಷಧವೇ ಇಲ್ಲ.

ಗೌರಿ ಪುಣ್ಯವಂತೆ, ಬದುಕಿತು. ವಾರಗಟ್ಟಲೆ ಮಾತ್ರೆ ನುಂಗಿಸುವಾಗ ನನ್ನ ಕೈಯೆಲ್ಲ ಪರಚುಗಾಯ. ಬೆಕ್ಕಿನಿಂದಲೂ ರೇಬೀಸ್ ಬರಬಹುದೆಂದು ಆಗಲೇ ತಿಳಿದದ್ದು. ಗಾಯವನ್ನು ಸೋಪು ಹಚ್ಚಿ 15 ನಿಮಿಷ ತೊಳೆದು, ಆಸ್ಪತ್ರೆಗೂ ಹೋಗಿಬಂದೆ.

ಸುದ್ದಿ ತಿಳಿದು ಪಿಂಕಿಯ ಮನೆಯಾಕೆ ಓಡಿಬಂದರು. ಬೆಕ್ಕಿನ ತಲೆ ಸವರುತ್ತ, "ಇಲಿಗೆ ಅಂತ ಇಟ್ಟಿದ್ದು ಕಣ್ರೀ, ನಮ್ಮ ಪಿಂಕಿಗಲ್ಲ" ಎಂದು ಅತ್ತೇಬಿಟ್ಟರು. ನನಗೆ ಸಿಟ್ಟು ಬರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಹೆಗ್ಗಣದ ಕಾಟಕ್ಕೆ ನಾನೂ ಪಾಷಾಣ ಇಟ್ಟಿದ್ದೆ. ಅದು ಯಾರ ಮನೆಯ ಬೆಕ್ಕಿನ ಹೊಟ್ಟೆ ಸೇರಿತೋ, ನಾನು ಯೋಚಿಸಿಯೇ ಇರಲಿಲ್ಲ. ಈಗ ಇಬ್ಬರ ಮನೆಯಲ್ಲೂ ಇಲಿಬೋನು ಇದೆ.

ಗೌರಿಗೆ ಲಸಿಕೆ ಹಾಕಿಸಿ, ಮರಿಯಾಗದಂತೆ ಆಪರೇಷನ್ ಮಾಡಿಸಿದ್ದೇನೆ. ಕಿಟಕಿ, ಬಾಲ್ಕನಿಗೆ ಜಾಲರಿ ಬಂದಿದೆ. ಸಂಜೆಯಾದರೆ ಅದು ಜಾಲರಿಗೆ ಮೂಗು ಒತ್ತಿ ಹಿಂದಿನ ಬೀದಿಯ ಕಡೆ ನೋಡುತ್ತ ಕೂಗುತ್ತದೆ. "ಹೊತ್ತು ಮುಳುಗಿತು, ಹೊರಗೆ ಹೋಗಬೇಡ್ವೇ" ಎನ್ನುತ್ತೇನೆ. ಅಮ್ಮ ನನಗೆ ಹೇಳುತ್ತಿದ್ದ ಮಾತೇ ಅದು! ಆಗ ನನಗೂ ಸಿಟ್ಟೇ ಬರುತ್ತಿತ್ತು.

ಅದಕ್ಕೇ ಭಾನುವಾರ ಪಿಂಕಿಯ ಮನೆಯಾಕೆಯೂ ಮಾಮಿಯೂ ನಮ್ಮಲ್ಲಿಗೇ ಬರುತ್ತಾರೆ. ಮೂರು ಹೆಸರಲ್ಲಿ ಯಾರು ಕರೆದರೂ ಗೌರಿ ಏಳುವುದಿಲ್ಲ. ಮೊಸರನ್ನದ ಡಬ್ಬಿ ತೆರೆದ ಸದ್ದಿಗೆ ಮಾತ್ರ ಏಳುತ್ತದೆ.