ಮುಂದಿನ ಲಾಟ್‌ನಲ್ಲಿ ಬರುತ್ತೆ ಸಾರ್

ಹೋಮ್ ಥಿಯೇಟರ್ ಹುಚ್ಚು ಹತ್ತಿಸಿಕೊಂಡವರಿಗೆ 2021ನೇ ಇಸವಿ ಒಂದೇ ಮಾತಿನಲ್ಲಿ ನೆನಪಿರುತ್ತದೆ: ‘ಮುಂದಿನ ಲಾಟ್‌ನಲ್ಲಿ ಬರುತ್ತೆ ಸಾರ್.’ ಬೆಂಗಳೂರಿನ ಅಂಗಡಿಯಲ್ಲಿ ವಿಚಾರಿಸಿದರೂ ಇದೇ ಉತ್ತರ, ಮುಂಬೈಗೆ ಫೋನ್ ಹಚ್ಚಿದರೂ ಇದೇ ಉತ್ತರ. ಜನ ಹೆಚ್ಚಾಗಿ ಕೊಳ್ಳುವ ಏಳು, ಒಂಬತ್ತು ಚಾನೆಲ್‌ಗಳ, ಅಂದರೆ ಅಷ್ಟು ಸ್ಪೀಕರ್‌ಗಳನ್ನು ನುಡಿಸಬಲ್ಲ, ಮಧ್ಯಮ ದರ್ಜೆಯ ಎವಿ ರಿಸೀವರ್‌ಗಳಂತೂ ಕಣ್ಣಿಗೇ ಬೀಳುತ್ತಿರಲಿಲ್ಲ. ಎಲ್ಲೋ ಒಂದು ಪೀಸ್ ಇದೆ ಎಂದು ಓಡಿದರೆ ಅದರ ಬೆಲೆ ಹಿಂದಿನ ತಿಂಗಳಿಗಿಂತ ಏರಿರುತ್ತಿತ್ತು. ನಾನೂ ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾದವನು. ರಿಸೀವರ್ ಬಾರದಿದ್ದರೆ ಯಾರ ಪ್ರಾಣವೂ ಹೋಗುವುದಿಲ್ಲ. ಆ ವರ್ಷ ಜನ ಆಕ್ಸಿಜನ್ ಸಿಲಿಂಡರಿಗಾಗಿ ಬೀದಿಯಲ್ಲಿ ನಿಂತದ್ದನ್ನು ಕಂಡ ನಮಗೆ ಯಾವ ಕೊರತೆ ಎಷ್ಟು ದೊಡ್ಡದು ಎಂಬ ಅಂದಾಜು ಚೆನ್ನಾಗಿಯೇ ಇದೆ. ಆದರೂ ಈ ಸಣ್ಣ ಕೊರತೆಯ ಬೆನ್ನು ಹತ್ತಿ ಹೋದಾಗ ನನಗೆ ಕಂಡದ್ದು ಸಣ್ಣ ಸಂಗತಿಯಲ್ಲ.

ಮೊದಲು ಬೇಡಿಕೆಯ ಮಾತು. 2020ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳ ಬಾಗಿಲು ಮುಚ್ಚಿತು. ಜುಲೈನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಥಿಯೇಟರಿನ ಮುಖವನ್ನೇ ನೋಡದೆ ನೇರ ಒಟಿಟಿಗೆ ಬಂದವು. ಮರುವರ್ಷ ಏಪ್ರಿಲ್ 1ರಂದು ತೆರೆ ಕಂಡ ಪುನೀತ್ ಅವರ ‘ಯುವರತ್ನ’, ಅರ್ಧ ಸೀಟುಗಳ ನಿಯಮ ಬಂದದ್ದರಿಂದ ವಾರ ಕಳೆಯುತ್ತಲೇ ಮನೆಯ ಟಿವಿಗೆ ಇಳಿಯಿತು. ಸಿನಿಮಾ ಮನೆಗೆ ಬಂದದ್ದೇನೋ ಸರಿ, ಅದರ ಸದ್ದು ಬರಲಿಲ್ಲ. ಟಿವಿಗಳು ತೆಳ್ಳಗಾದಷ್ಟೂ ಅವುಗಳ ಬೆನ್ನಿಗೆ ಅಂಟಿಸಿದ ಸ್ಪೀಕರ್‌ಗಳು ಕುಗ್ಗುತ್ತ ಹೋಗಿವೆ. ಮಾತು ಕೇಳಿಸಲೆಂದು ವಾಲ್ಯೂಮ್ ಏರಿಸಿದರೆ ಹಿನ್ನೆಲೆ ಸಂಗೀತ ಕಿವಿಗೆ ಬಡಿಯುತ್ತದೆ, ಇಳಿಸಿದರೆ ಮಾತೇ ಮಾಯ. ಹೀಗೆ ಇಡೀ ಲೋಕದಲ್ಲಿ, ಮನೆಯಲ್ಲಿ ಕೂತವರೆಲ್ಲ ಏಕಕಾಲಕ್ಕೆ ಒಳ್ಳೆಯ ಸದ್ದಿಗೆ ಆಸೆಪಟ್ಟರು. ಆ ಆಸೆಯಲ್ಲಿ ತಪ್ಪೇನೂ ಇರಲಿಲ್ಲ.

ಈ ರಿಸೀವರ್ ಎಂಬ ಕಪ್ಪು ಪೆಟ್ಟಿಗೆ ಮಾಡುವ ಕೆಲಸ ನೋಡಿದರೆ ಅದರ ಮೇಲೆ ಗೌರವ ಹುಟ್ಟುತ್ತದೆ. ಎಚ್‌ಡಿಎಂಐ ತಂತಿಯಲ್ಲಿ ಚಿತ್ರವೂ ಸದ್ದೂ ಒಟ್ಟಿಗೇ ಬರುತ್ತವೆ. ಪೆಟ್ಟಿಗೆ ಚಿತ್ರವನ್ನು ಟಿವಿಗೆ ದಾಟಿಸಿ, ಸದ್ದನ್ನು ಬಿಡಿಸಿ, ಈ ಹೆಜ್ಜೆ ಸಪ್ಪಳ ಎಡಕ್ಕೆ, ಈ ಗುಡುಗು ನೆತ್ತಿಯ ಮೇಲಕ್ಕೆ ಎಂದು ಹಂಚುತ್ತದೆ. ಹಂಚುವವರೆಗೆ ಎಲ್ಲವೂ ಬರೀ ಅಂಕಿಗಳು. ಅಂಕಿಗಳನ್ನು ಏರಿಳಿಯುವ ವಿದ್ಯುತ್ತಾಗಿ ಮಾಡಿದರೆ ಮಾತ್ರ ಸ್ಪೀಕರ್‌ನ ಕೋನ್ ಅಲುಗೀತು. ಆ ಕೆಲಸ ಮಾಡುವುದು ಡ್ಯಾಕ್ ಎಂಬ ಚಿಪ್. ಕಿರುಬೆರಳಿನ ಉಗುರಿನಷ್ಟು ಅಗಲ, ಅದರೊಳಗೇ ಎಂಟು ಚಾನೆಲ್. ಹತ್ತು ಹನ್ನೆರಡು ಕಿಲೋ ತೂಗುವ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಇರಲಿ, ಹೀಟ್‌ಸಿಂಕ್ ಇರಲಿ, ಈ ಚಿಪ್ ಇಲ್ಲದಿದ್ದರೆ ಎಲ್ಲವೂ ಮೂಕ.

ಅಂಥ ಚಿಪ್‌ಗಳು ತಯಾರಾಗುತ್ತಿದ್ದ ಒಂದು ಊರು ನೊಬೆಯೊಕಾ. ಜಪಾನಿನ ಕ್ಯುಶು ದ್ವೀಪದಲ್ಲಿ, ಮಿಯಾಝಾಕಿ ಪ್ರಾಂತ್ಯದಲ್ಲಿದೆ. ಅಸಾಹಿ ಕಾಸೆ ಕಂಪನಿ ಮೊದಲು ಅಮೋನಿಯಾ, ಆಮೇಲೆ ಕೃತಕ ನೂಲು ತಯಾರಿಸುತ್ತ ಬೆಳೆದದ್ದು ಇದೇ ಊರಿನಲ್ಲಿ. ಅದರ ಅಂಗಸಂಸ್ಥೆ ಅಸಾಹಿ ಕಾಸೆ ಮೈಕ್ರೋಡಿವೈಸಸ್, ಅಂದರೆ ಆಡಿಯೋ ಜನರ ಬಾಯಲ್ಲಿ ಎಕೆಎಂ. ಡೆನಾನ್, ಮರಾಂಟ್ಜ್, ಓಂಕ್ಯೊ ಎಂದು ನಾವು ಬ್ರ್ಯಾಂಡ್‌ಗಳ ಹೆಸರು ಹಿಡಿದು ವಾದ ಮಾಡುತ್ತಿದ್ದಾಗ, ಅವುಗಳ ಎಷ್ಟೋ ಮಾಡೆಲ್‌ಗಳ ಹೊಟ್ಟೆಯಲ್ಲಿ ಇದ್ದದ್ದು ಎಕೆಎಂ ಡ್ಯಾಕ್. 2020ರ ಅಕ್ಟೋಬರ್ 20ರಂದು ಆ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಕಾರ್ಖಾನೆ ಎಂದರೆ ಧೂಳಿನ ಕಣವೂ ನುಸುಳದಂತೆ ಮುಚ್ಚಿ ಕಟ್ಟಿದ ಕಟ್ಟಡ. ಹೊರಗಿನಿಂದ ನೀರು ಹಾಯಿಸಲು ಕಿಟಕಿಗಳೇ ಕಡಿಮೆ. ಬೆಂಕಿ ಪೂರ್ತಿ ಆರಲು ಮೂರು ದಿನಕ್ಕೂ ಹೆಚ್ಚು ಹಿಡಿಯಿತು. ಒಳಗಿನ ಯಂತ್ರಗಳು ಮತ್ತೆ ಕೆಲಸಕ್ಕೆ ಬರಲಿಲ್ಲ.

ಹಾಗಿದ್ದರೆ ಬೇರೆಯವರ ಚಿಪ್ ಹಾಕಬಹುದಿತ್ತಲ್ಲ ಎಂದು ನಾನೂ ಕೇಳಿಕೊಂಡಿದ್ದೆ. ಹಾಕಿದರು ಕೂಡ. ಕೆಲವರು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಡೆಗೆ, ಕೆಲವರು ಇಎಸ್‌ಎಸ್ ಕಡೆಗೆ ಹೊರಳಿದರು. ಆದರೆ ಒಂದು ಚಿಪ್ ಬದಲಾದರೆ ಕಾಲುಗಳ ಜೋಡಣೆ ಬದಲಾಗುತ್ತದೆ, ಬೋರ್ಡಿನ ನಕ್ಷೆ ಹೊಸದಾಗಿ ಬರೆಯಬೇಕಾಗುತ್ತದೆ, ಸಾಫ್ಟ್‌ವೇರ್ ತಿದ್ದಬೇಕಾಗುತ್ತದೆ, ಎಲ್ಲವನ್ನೂ ಮತ್ತೆ ಪರೀಕ್ಷೆಗೆ ಹಚ್ಚಬೇಕಾಗುತ್ತದೆ. ಹೊಸ ಚಿಪ್‌ಗೆ ಆರ್ಡರ್ ಕೊಟ್ಟರೂ ಸಿಲಿಕಾನ್ ಬಿಲ್ಲೆಯ ಮೇಲೆ ಪದರದ ಮೇಲೆ ಪದರ ಕೂರಿಸಿ ಹೊರಗೆ ತರಲು ಸುಮಾರು ಮೂರು ತಿಂಗಳು ಬೇಕೇ ಬೇಕು. ಅವಸರ ಮಾಡಿದರೆ ಆಗುವ ಕೆಲಸವಲ್ಲ. ಎಕೆಎಂ ತನ್ನ ಚಿಪ್‌ಗಳ ತಯಾರಿಕೆಗೆ ಇತರರ ನೆರವು ಕೇಳಿತು, ರೆನೆಸಾಸ್ ಎಂಬ ಚಿಪ್ ಕಂಪನಿ ಅವರಲ್ಲೊಂದು. 2021ರ ಮಾರ್ಚ್ 19ರಂದು ಇಬಾರಾಕಿ ಪ್ರಾಂತ್ಯದಲ್ಲಿರುವ ರೆನೆಸಾಸ್‌ನ ನಾಕಾ ಕಾರ್ಖಾನೆಗೂ ಬೆಂಕಿ ತಗುಲಿತು. ಅದಕ್ಕೆ ಒಂದು ತಿಂಗಳು ಮುಂಚೆ ಟೆಕ್ಸಸ್‌ನಲ್ಲಿ ಹಿಮಗಾಳಿ ಬೀಸಿ, ಕರೆಂಟ್ ಹೋಗಿ, ಆಸ್ಟಿನ್ ನಗರದ ಚಿಪ್ ಕಾರ್ಖಾನೆಗಳು ನಿಂತಿದ್ದವು. ಅದೇ ಮಾರ್ಚ್ 23ರಂದು ‘ಎವರ್ ಗಿವನ್’ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಗೆ ಅಡ್ಡ ನಿಂತು, ಏಷ್ಯಾದಿಂದ ಯುರೋಪಿಗೆ ಹೋಗುವ ಸರಕೆಲ್ಲ ಆರು ದಿನ ನೀರಿನ ಮೇಲೇ ಉಳಿಯಿತು. ಪೆಟ್ಟಿಗೆ ತಯಾರಾದರೆ ಕಂಟೇನರ್ ಇಲ್ಲ, ಕಂಟೇನರ್ ಸಿಕ್ಕರೆ ಬಂದರಿನಲ್ಲಿ ಜಾಗವಿಲ್ಲ.

ಇಷ್ಟೇ ಆಗಿದ್ದರೆ ಕೊರತೆ ಬೇಗ ತೀರುತ್ತಿತ್ತೇನೋ. ಅದನ್ನು ಇನ್ನಷ್ಟು ಎಳೆದದ್ದು ಭಯ. ಹತ್ತು ಕೇಳಿದರೆ ನಾಲ್ಕು ಕೊಡುತ್ತಾರೆ ಎಂದು ಗೊತ್ತಾದ ಡೀಲರ್ ಇಪ್ಪತ್ತು ಕೇಳುತ್ತಾನೆ. ಹತ್ತಾರು ಡೀಲರ್‌ಗಳ ಇಪ್ಪತ್ತನ್ನು ಕೂಡಿಸಿದ ವಿತರಕ ಇನ್ನೂ ಒಂದಿಷ್ಟು ಸೇರಿಸಿ ಕಂಪನಿಗೆ ಬರೆಯುತ್ತಾನೆ. ಕಂಪನಿ ಚಿಪ್‌ನವರ ಮುಂದೆ ಅದಕ್ಕಿಂತ ದೊಡ್ಡ ಸಂಖ್ಯೆ ಇಡುತ್ತದೆ. ಗಿರಾಕಿಯೂ ಸುಮ್ಮನಿರುವುದಿಲ್ಲ. ನನ್ನ ಪರಿಚಯದವರೊಬ್ಬರು ಎರಡು ಊರಿನ ಎರಡು ಅಂಗಡಿಗಳಲ್ಲಿ ಒಂದೇ ಮಾಡೆಲ್ ಬುಕ್ ಮಾಡಿ, ಮೊದಲು ಬಂದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಾರೀಖು ಹೇಳುವವರೇ ಇಲ್ಲದಿದ್ದಾಗ ಮನುಷ್ಯ ಹೀಗೇ ಮಾಡುತ್ತಾನೆ. ಆದರೆ ಇಲ್ಲದ ಗಿರಾಕಿಗಳು ಹೀಗೆ ಲೆಕ್ಕಕ್ಕೆ ಬಂದು ಕೂತಾಗ, ನಿಜವಾಗಿ ಬೇಕಾದವನ ಸರದಿ ಹಿಂದೆ ಸರಿಯುತ್ತದೆ.

ಇದೆಲ್ಲ ದುರದೃಷ್ಟ ಎಂದು ಕೈಚೆಲ್ಲಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಉಗ್ರಾಣ ಎಂಬ ಕೋಣೆ ಇರುತ್ತಿತ್ತು. ಮಳೆ ಹಿಡಿದರೆ ಸಂತೆಗೆ ಹೋಗುವ ದಾರಿ ಮುಚ್ಚುತ್ತದೆಂದು ಅಕ್ಕಿ, ಬೆಲ್ಲ, ಉಪ್ಪು, ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲವನ್ನೂ ಮೇ ತಿಂಗಳಲ್ಲೇ ತುಂಬಿಡುತ್ತಿದ್ದರು. ಅದು ದುಡ್ಡನ್ನು ಕಟ್ಟಿಹಾಕುವ ಕೆಲಸವೆಂದು ಆ ಮನೆಗಳಲ್ಲಿ ಯಾರಿಗೂ ಅನಿಸಲಿಲ್ಲ, ಏಕೆಂದರೆ ಆಷಾಢವನ್ನು ಅವರು ಕಂಡಿದ್ದರು. ನಮ್ಮ ಕಾಲದ ಉದ್ಯಮ ಈ ಉಗ್ರಾಣವನ್ನು ಬೇಡವೆಂದಿತು. ಬೇಕಾದಾಗ, ಬೇಕಾದಷ್ಟೇ ತರಿಸಿಕೊಳ್ಳುವುದು ಜಾಣತನ, ದಾಸ್ತಾನು ಇಡುವುದು ನಷ್ಟ ಎಂದು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಕಲಿಸಿದರು. ಈ ಪದ್ಧತಿಯನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಟೊಯೋಟಾ. ಆದರೆ 2011ರ ಭೂಕಂಪ, ಸುನಾಮಿಗಳಿಂದ ಪೆಟ್ಟು ತಿಂದ ಮೇಲೆ ಟೊಯೋಟಾ ತನ್ನ ಪೂರೈಕೆದಾರರಿಗೆ ತಿಂಗಳುಗಳಿಗಾಗುವಷ್ಟು ಚಿಪ್‌ಗಳನ್ನು ಕೂಡಿಡಲು ಹೇಳಿತು. 2021ರ ಮೊದಲ ತಿಂಗಳುಗಳಲ್ಲಿ ಬೇರೆ ಕಾರು ಕಂಪನಿಗಳು ಅಸೆಂಬ್ಲಿ ಲೈನ್ ನಿಲ್ಲಿಸುತ್ತಿದ್ದಾಗ ಟೊಯೋಟಾ ಇತರರಿಗಿಂತ ಹೆಚ್ಚು ಕಾಲ ತಡೆದುಕೊಂಡಿತು. ಗುರುವೇ ಪಾಠ ತಿದ್ದಿಕೊಂಡಿದ್ದನ್ನು ಶಿಷ್ಯರು ಗಮನಿಸಲಿಲ್ಲ.

ದುಡ್ಡಿನ ಉಗ್ರಾಣದ ಮಾತೂ ಹೀಗೆಯೇ. 1946ರಲ್ಲಿ ಒಸಾಕಾದಲ್ಲಿ ಹುಟ್ಟಿದ ಓಂಕ್ಯೊ, ಹೋಮ್ ಥಿಯೇಟರ್ ಪ್ರಿಯರ ಅಚ್ಚುಮೆಚ್ಚಿನ ಹೆಸರು. ಬಿಡಿಭಾಗ ಕೊಡುವವರಿಗೆ ಹಣ ಸಲ್ಲಿಸಲಾಗದೆ ಅದರ ತಯಾರಿಕೆ ಮುಂಚೆಯೇ ಕುಂಟುತ್ತಿತ್ತು. ಕೊರೊನಾ, ಚಿಪ್ ಕೊರತೆ ಬಂದಾಗ ತಡೆದುಕೊಳ್ಳಲು ಅದರ ಬಳಿ ಏನೂ ಉಳಿದಿರಲಿಲ್ಲ. 2021ರಲ್ಲಿ ಹೋಮ್ ಆಡಿಯೋ ವ್ಯವಹಾರವನ್ನು ಶಾರ್ಪ್ ಮತ್ತು ವಾಕ್ಸ್ ಕಂಪನಿಗಳ ಜಂಟಿ ಸಂಸ್ಥೆಗೆ ಮಾರಿದರು. 2022ರ ಮೇ ತಿಂಗಳಲ್ಲಿ ಓಂಕ್ಯೊ ಹೋಮ್ ಎಂಟರ್‌ಟೇನ್‌ಮೆಂಟ್ ದಿವಾಳಿ ಅರ್ಜಿ ಹಾಕಿತು. ಆ ಹೆಸರಿನ ಪೆಟ್ಟಿಗೆಗಳು ಈಗಲೂ ಬರುತ್ತಿವೆ. ಆದರೆ ಮುಕ್ಕಾಲು ಶತಮಾನ ಅವನ್ನು ಕಟ್ಟುತ್ತ ಬಂದ ಮನೆ ಮುಚ್ಚಿದ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು.

ಇದೆಲ್ಲ ದೂರದ ಜಪಾನಿನ ಕಥೆ ಎಂದುಕೊಳ್ಳುವಂತೆಯೂ ಇಲ್ಲ. ಪಂಜಾಬಿನ ಮೊಹಾಲಿಯಲ್ಲಿ ಸರ್ಕಾರವೇ ಕಟ್ಟಿದ ಸೆಮಿಕಂಡಕ್ಟರ್ ಕಾರ್ಖಾನೆ 1980ರ ದಶಕದಲ್ಲಿ ಚಿಪ್ ತಯಾರಿಸಲು ಶುರುಮಾಡಿತ್ತು. 1989ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಮತ್ತೆ ತಯಾರಿಕೆಗೆ ಬರಲು ಸುಮಾರು ಎಂಟು ವರ್ಷ ಹಿಡಿಯಿತು. ಚಿಪ್ ಲೋಕದಲ್ಲಿ ಎಂಟು ವರ್ಷ ಎಂದರೆ ಹಲವು ತಲೆಮಾರು. ಭಾರತಕ್ಕೂ ಇದ್ದದ್ದು ಹೀಗೆ ಒಂದೇ ಒಂದು ದೊಡ್ಡ ಮನೆ, ಅದು ಸುಟ್ಟಾಗ ಅಂಥ ಎರಡನೆಯದು ಇರಲಿಲ್ಲ. ಇತ್ತ ಬೆಂಗಳೂರಿಗೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬಂತು. ಹಿಂದೆಯೇ ಇನ್ನೂ ಹಲವು ಕಂಪನಿಗಳು ಬಂದವು. ಇವತ್ತು ಲೋಕದ ಚಿಪ್‌ಗಳ ಎಷ್ಟೋ ನಕ್ಷೆಗಳ ಮೇಲೆ ನಮ್ಮ ಊರಿನ ಎಂಜಿನಿಯರ್‌ಗಳ ಕೈ ಆಡಿರುತ್ತದೆ. ನಕ್ಷೆ ನಮ್ಮದು, ಬಿಲ್ಲೆ ಬೇರೆಯವರದು. ಈಗ ದೇಶದಲ್ಲಿ ಚಿಪ್ ಕಾರ್ಖಾನೆ ಕಟ್ಟುವ ಕೆಲಸ ಮತ್ತೆ ಶುರುವಾಗಿರುವಾಗ, ಕಟ್ಟುವವರು ಮೊಹಾಲಿಯನ್ನೂ ನೊಬೆಯೊಕಾವನ್ನೂ ಒಟ್ಟಿಗೆ ನೆನೆಯಬೇಕು.

ಕಾಯುತ್ತಿದ್ದ ಆ ತಿಂಗಳುಗಳಲ್ಲಿ ನಮ್ಮ ಮನೆಯ ಹಳೆಯ ಆಂಪ್ಲಿಫೈಯರ್ ಕೈಕೊಟ್ಟಿತು. ಸ್ವಿಚ್ ಒತ್ತಿದರೆ ಕೆಂಪು ದೀಪ ಮಿನುಗುತ್ತದೆ, ಎಂದಿನ ‘ಟಕ್’ ಸದ್ದಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್ ಹತ್ತಿರದ ಗಲ್ಲಿಯೊಂದರಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡ ಹಿರಿಯರೊಬ್ಬರ ಬಳಿ ಒಯ್ದೆ. ಅವರು ಮುಚ್ಚಳ ಬಿಚ್ಚಿ, ಬ್ರಶ್‌ನಿಂದ ಧೂಳು ಸರಿಸಿ, ಟಾರ್ಚ್ ಬಿಟ್ಟು ನೋಡಿದರು. ಪವರ್ ಬೋರ್ಡ್‌ನ ಎರಡು ಕೆಪಾಸಿಟರ್‌ಗಳ ನೆತ್ತಿ ಉಬ್ಬಿತ್ತು. ರಿಲೇ ಬಿಚ್ಚಿದರೆ ಅದರ ಸಂಪರ್ಕದ ಬಿಂದುಗಳು ಕರಕಲಾಗಿದ್ದವು. ಸೋಲ್ಡರಿಂಗ್ ಐರನ್ ಕಾಯಿಸಿ, ರಾಳದ ಹೊಗೆ ಊದಿ ಸರಿಸುತ್ತ, ಕೆಪಾಸಿಟರ್‌ಗಳನ್ನು ಕಿತ್ತು 105 ಡಿಗ್ರಿ ತಾಳುವ ಹೊಸವನ್ನು ಕೂರಿಸಿದರು. ಅಂಥದ್ದೇ ರಿಲೇ ಆಗ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಅವರು ಬೆನ್ನ ಹಿಂದಿನ ಡ್ರಾಯರ್ ಎಳೆದರು. ಸತ್ತ ಸೆಟ್‌ಗಳಿಂದ ಬಿಚ್ಚಿ, ಪರೀಕ್ಷಿಸಿ, ವೋಲ್ಟೇಜ್ ಬರೆದ ಚೀಟಿ ಅಂಟಿಸಿ ಇಟ್ಟ ರಿಲೇಗಳು ಸಾಲಾಗಿದ್ದವು. ‘ಇದನ್ನೆಲ್ಲ ಗುಜರಿಗೆ ಹಾಕು ಅಂತ ಮಗ ಹೇಳ್ತಾನೆ. ಹಾಕಿದ್ರೆ ಇವತ್ತು ನಿಮ್ಮದು ನಡೀತಿತ್ತಾ?’ ಎಂದರು. ಸೆಟ್ ಆನ್ ಮಾಡಿದಾಗ ‘ಟಕ್’ ಎಂದಿತು. ದೊಡ್ಡ ದೊಡ್ಡ ಕಂಪನಿಗಳಿಗೆ ಹೊಳೆಯದ ವಿವೇಕ ಆ ಡ್ರಾಯರ್‌ನಲ್ಲಿತ್ತು.

ಹೊಸ ಪೆಟ್ಟಿಗೆಯೂ ಕೊನೆಗೆ ಬಂತು. ಸೋಫಾದ ಮೇಲೆ ಕಿವಿಯ ಎತ್ತರಕ್ಕೆ ಪುಟ್ಟ ಮೈಕ್ ನಿಲ್ಲಿಸಿದರೆ ಒಂದೊಂದೇ ಸ್ಪೀಕರ್ ಕೂಗಿ ತನ್ನ ಜಾಗ ತಿಳಿಸುತ್ತದೆ. ಆ ಕೆಲವು ನಿಮಿಷ ಯಾರೂ ಮಾತಾಡಬಾರದು, ಫ್ಯಾನ್ ಆರಿಸಬೇಕು. ಆಮೇಲೆ ‘ಕಾಂತಾರ’ ಮನೆಯಲ್ಲಿ ನೋಡಿದಾಗ ದೈವದ ಕೂಗು ಹಿಂದಿನ ಗೋಡೆಯಿಂದ ಬಂದಂತಾಗಿ ಮನೆಮಂದಿಯೆಲ್ಲ ತಿರುಗಿ ನೋಡಿದೆವು. ಕಾದದ್ದು ವ್ಯರ್ಥವಾಗಲಿಲ್ಲ. ಹಳೆಯದೂ ಮಾರಾಟವಾಗಲಿಲ್ಲ, ಈಗ ಮಹಡಿಯ ಕೋಣೆಯಲ್ಲಿ ಹಾಡು ಕೇಳಿಸುತ್ತಿದೆ.

ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ಮುಂಗಡ ಕೊಡುವಾಗ ತಾರೀಖು ಬರೆಸಿಕೊಳ್ಳಿ, ಒಂದೇ ಕಡೆ ಬುಕ್ ಮಾಡಿ, ಹಳೆಯದು ಕೆಟ್ಟರೆ ಮೊದಲು ರಿಪೇರಿಗೆ ಒಯ್ಯಿರಿ. ಮಾರುವವರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಲಿ. ಸುಳ್ಳು ಭರವಸೆಗಿಂತ ಅದನ್ನು ಸಹಿಸುವುದು ಸುಲಭ. ಇನ್ನು ತಯಾರಿಸುವವರು ಒಂದು ಊರನ್ನೇ, ಒಂದು ಚಿಪ್ಪನ್ನೇ ನಂಬಿ ಕೂರದೆ ಎರಡನೆಯ ದಾರಿಯನ್ನೂ ತೆರೆದಿಡಲಿ, ಬಿಡಿಭಾಗಗಳನ್ನು ಮಿಗಿಸಿಡಲಿ. ಅದಕ್ಕಾಗಿ ಪೆಟ್ಟಿಗೆಯ ಬೆಲೆ ಸ್ವಲ್ಪ ಹೆಚ್ಚಾದರೆ ಕೊಡಲು ನಾನು ತಯಾರಿದ್ದೇನೆ. ಆಪತ್ತಿಗೆಂದು ಎತ್ತಿಟ್ಟದ್ದನ್ನು ನಷ್ಟ ಎಂದು ಬರೆಯುವ ಲೆಕ್ಕ ತಪ್ಪು ಎಂಬುದಕ್ಕೆ 2021ಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇಕಿಲ್ಲ.