ಫ್ರೇಮಿನ ಬೆಲೆಗೆ ಬಂದ ಚಿತ್ರಗಳು

ಬೆಂಗಳೂರಿನ ಚಿಕ್ಕಪೇಟೆ ಬಳಿಯ ಸಂಡೇ ಬಜಾರಿನಲ್ಲಿ ಹಳೆಯ ಚಿತ್ರಗಳಿಗೆ ಬೆಲೆ ಇರುವುದಿಲ್ಲ, ಫ್ರೇಮಿಗೆ ಇರುತ್ತದೆ. ವ್ಯಾಪಾರಿ ಚಿತ್ರವನ್ನು ಬೋರಲು ಹಾಕಿ, ಅಂಚನ್ನು ಬೆರಳಲ್ಲಿ ತಟ್ಟಿ, ‘ಮರ ನೋಡಿ, ಎಷ್ಟು ಗಟ್ಟಿ ಇದೆ’ ಅನ್ನುತ್ತಾನೆ. ಒಳಗಿನದು ಬೇಡವಾದರೆ ತೆಗೆದುಹಾಕಿ ನಿಮ್ಮ ಫೋಟೋ ಹಾಕಿಕೊಳ್ಳಿ ಎಂಬ ಸಲಹೆ ಪುಕ್ಕಟೆ. ಮೂರು ವರ್ಷಗಳಿಂದ ನಾನು ಇಂಥವನ್ನು 100, 150 ರೂಪಾಯಿಗೆ ತಂದು ಅವುಗಳ ಮೇಲೆ ಬಣ್ಣ ಹಚ್ಚುತ್ತಿದ್ದೇನೆ. ಪಿಎಚ್‌.ಡಿ. ಪ್ರಬಂಧ ಮುಂದೆ ಹೋಗದ ಸಂಜೆಗಳಿಗೆ ಒಂದು ಕೆಲಸ ಬೇಕಿತ್ತು. ಖಾಲಿ ಕ್ಯಾನ್ವಾಸ್ ಎದುರು ಕೂರುವ ಧೈರ್ಯವಿರಲಿಲ್ಲ, ಖಾಲಿ ಪುಟವೇ ಸಾಕಾಗಿತ್ತು.

ಸಿಗುವುದರಲ್ಲಿ ಬಹುಪಾಲು ನಮ್ಮ ಮನೆಗಳಲ್ಲಿ ‘ಸೀನರಿ’ ಎಂದು ಕರೆಯುತ್ತಿದ್ದ ಅಚ್ಚಿನ ಚಿತ್ರಗಳು. ಹಿಮದ ಬೆಟ್ಟ, ಬುಡದಲ್ಲಿ ಸರೋವರ, ದಡದಲ್ಲೊಂದು ಮರದ ಮನೆ. ಅದು ಯಾವ ದೇಶ ಎಂದು ಯಾರೂ ಕೇಳುತ್ತಿರಲಿಲ್ಲ. ಸೋಫಾದ ಮೇಲ್ಗಡೆ ಇರುವ ದೇಶ, ಅಷ್ಟೆ. ಇಪ್ಪತ್ತು ವರ್ಷ ಕಿಟಕಿಯ ಬೆಳಕು ಬಿದ್ದ ಸೀನರಿ ನೀಲಿಗೆ ತಿರುಗಿರುತ್ತದೆ. ಅಗ್ಗದ ಮುದ್ರಣದಲ್ಲಿ ಹಳದಿ ಮತ್ತು ಕೆಂಪು ಮೊದಲು ಮಾಸುತ್ತವೆ, ನೀಲಿ ಹಟ ಹಿಡಿದು ಉಳಿಯುತ್ತದೆ. ಹಾಗಾಗಿ ಹುಲ್ಲುಗಾವಲು, ಹೂವು, ಹೆಂಚು ಎಲ್ಲದಕ್ಕೂ ಬೆಳಗಿನ ಜಾವದ ಬಣ್ಣ ಬಂದಿರುತ್ತದೆ. ಅದನ್ನು ನಾನು ಸರಿಪಡಿಸಲು ಹೋಗುವುದಿಲ್ಲ. ನನ್ನ ಇಷ್ಟದ ಒಂದರಲ್ಲಿ ಆ ನೀಲಿ ಬೆಳಗಿನಲ್ಲೇ, ಸರೋವರದ ದಡದಲ್ಲಿ, ಬೆಂಗಳೂರಿನ ನೀರಿನ ಟ್ಯಾಂಕರೊಂದು ಪೈಪು ಇಳಿಬಿಟ್ಟುಕೊಂಡು ನಿಂತಿದೆ. ನೋಡಿದವರು ಮೊದಲು ನಗುತ್ತಾರೆ. ಆಮೇಲೆ ಹಿಂದಿನ ಬೆಟ್ಟವನ್ನೂ ನೋಡುತ್ತಾರೆ.

ಕೆಲಸದ ತಂತ್ರ ದೊಡ್ಡದೇನಲ್ಲ. ಅಚ್ಚಿನ ಕಾಗದಕ್ಕೆ ನೇರವಾಗಿ ಬಣ್ಣ ಹಾಕಿದರೆ ಗುಳ್ಳೆ ಏಳುತ್ತದೆ, ಆದ್ದರಿಂದ ಮೊದಲು ಅಕ್ರಿಲಿಕ್ ಮೀಡಿಯಂನ ತೆಳು ಲೇಪ, ಅದು ಒಣಗಿದ ಮೇಲೆ ಬಣ್ಣ. ಕಷ್ಟದ್ದು ನೆರಳು. ಟ್ಯಾಂಕರಿನ ನೆರಳು ಎಡಕ್ಕೆ ಬೀಳಬೇಕೋ ಬಲಕ್ಕೋ ತಿಳಿಯಬೇಕಾದರೆ ಆ ಮರದ ಮನೆಯ ಸೂರಿನ ನೆರಳನ್ನು ಹುಡುಕಬೇಕು. ಕೆರೆಯ ಅಲೆ ಯಾವ ಕಡೆಗೆ, ಬೆಟ್ಟದ ಯಾವ ಮಗ್ಗುಲಿಗೆ ಬಿಸಿಲು ಎಂದೆಲ್ಲ ನೋಡುತ್ತ ಒಂದು ಗಂಟೆ ಕಳೆದಿರುತ್ತದೆ. ಗೋಡೆಯ ಮೇಲಿದ್ದಷ್ಟು ಕಾಲ ಆ ಚಿತ್ರವನ್ನು ಯಾರಾದರೂ ಇಷ್ಟು ಹೊತ್ತು ನೋಡಿರಬಹುದೆ ಎಂಬ ಅನುಮಾನ ನನಗಿದೆ.

ಈ ಕೆಲಸಕ್ಕೆ ಹಿರಿಯರಿದ್ದಾರೆ. ಡೆನ್ಮಾರ್ಕಿನ ಆಸ್ಗರ್ ಯೋರ್ನ್ ಹಳೆ ಸಾಮಾನಿನ ಸಂತೆಗಳಲ್ಲಿ ಅನಾಮಿಕರ ಚಿತ್ರಗಳನ್ನು ಕೊಂಡು, ಅವುಗಳ ಮೇಲೆ ತನ್ನ ವಿಚಿತ್ರ ಪ್ರಾಣಿಗಳನ್ನು ಬರೆದು, 1959ರಲ್ಲಿ ಪ್ಯಾರಿಸ್ಸಿನಲ್ಲಿ ‘ಮಾರ್ಪಾಡುಗಳು’ ಎಂಬ ಹೆಸರಿನಲ್ಲಿ ಪ್ರದರ್ಶಿಸಿದ. ಅದೇ ವರ್ಷದ ಒಂದು ಚಿತ್ರದಲ್ಲಿ ಯಾರೋ ಶ್ರದ್ಧೆಯಿಂದ ಬರೆದ ಹಳ್ಳಿಮನೆ, ಕೊಳ. ಅದರ ಎದುರು ಮನೆಗಿಂತ ದೊಡ್ಡದಾದ, ಬಣ್ಣಬಣ್ಣದ ಬಾತುಮರಿ. ಇದ್ದದ್ದನ್ನು ಎಸೆಯುವುದೇಕೆ, ನಾಲ್ಕು ಗೀರಿನಲ್ಲಿ ಇವತ್ತಿನದಾಗಿಸಬಹುದಲ್ಲ ಎಂಬುದು ಅವನ ವಾದ. ವಾದ ನನಗೂ ಒಪ್ಪಿಗೆಯೇ.

ಆದರೆ ಆ ಬಾತುಮರಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 2022ರ ಏಪ್ರಿಲ್‌ನಲ್ಲಿ, ಸಿಲ್ಕೆಬೋರ್ಗ್‌ನ ಯೋರ್ನ್ ಮ್ಯೂಸಿಯಮ್ಮಿನಲ್ಲಿ, ಒಬ್ಬ ವ್ಯಕ್ತಿ ಅದರ ಮೇಲೆ ತನ್ನ ಚಿತ್ರವನ್ನು ಅಂಟಿಸಿ, ಮಾರ್ಕರ್ ಪೆನ್ನಿನಲ್ಲಿ ಸಹಿ ಹಾಕಿದ. ಅವನನ್ನು ಬಂಧಿಸಿದರು, ಜೈಲು ಶಿಕ್ಷೆಯಾಯಿತು. ನ್ಯಾಯಾಲಯ ಸರಿಯಾಗಿಯೇ ನಡೆದುಕೊಂಡಿತು, ಆ ಮನುಷ್ಯನ ಬಗ್ಗೆ ನನಗೇನೂ ಮರುಕವಿಲ್ಲ. ಆದರೂ ಪ್ರಶ್ನೆ ಹೋಗುವುದಿಲ್ಲ. ಹಳ್ಳಿಮನೆ ಬರೆದವರ ಅನುಮತಿಯನ್ನು ಯೋರ್ನ್ ಕೇಳಿರಲಿಲ್ಲ. ಕೇಳದಿದ್ದದ್ದು ಯಾಕೆ ತಪ್ಪೆನಿಸಲಿಲ್ಲ ಎಂದರೆ, ಆ ಚಿತ್ರ ಅಗ್ಗವಾಗಿತ್ತು.

ನಮ್ಮಲ್ಲಿ ಇದನ್ನು ಇನ್ನೊಂದು ಬಗೆಯಲ್ಲಿ ಮಾಡುತ್ತಿದ್ದರು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅವನ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯರ ಗೋಡೆಗೂ ಬಂದರು. ಹಾಗೆ ಬಂದ ಅಚ್ಚಿನ ದೇವಿಯರಿಗೆ ಮನೆಯ ಹೆಂಗಸರು ಬಟ್ಟೆಯ ಸೀರೆ ಉಡಿಸಿದರು, ಅಂಚಿಗೆ ಜರಿ ಅಂಟಿಸಿದರು, ಒಡವೆಯ ಜಾಗಕ್ಕೆ ಮಣಿ, ಮಿಣುಕು. ಮುಖ ಮತ್ತು ಕೈಗಳನ್ನು ಮಾತ್ರ ಹಾಗೇ ಬಿಟ್ಟರು. ಇಂಥ ಕೆಲವು ಈಗ ಸಂಗ್ರಹಾಲಯಗಳಲ್ಲಿವೆ. ಕೆಳಗಿನ ಚೀಟಿಯಲ್ಲಿ ರವಿವರ್ಮನ ಹೆಸರು ಇರುತ್ತದೆ, ಜರಿ ಹಚ್ಚಿದವರದ್ದು ಇರುವುದಿಲ್ಲ. ಯೋರ್ನ್‌ನ ಲೆಕ್ಕ ಇಲ್ಲಿ ತಲೆಕೆಳಗು. ಅಲ್ಲಿ ಕೆಳಗಿನ ಪದರದವರು ಅನಾಮಿಕರು, ಇಲ್ಲಿ ಮೇಲಿನ ಪದರದವರು. ಎರಡೂ ಕಡೆ ಹೆಸರು ಹೋದದ್ದು ಹೆಸರಿಲ್ಲದವರದೇ. ಚಂದದ ಮಾತು ಬಿಟ್ಟು ಹೇಳಬೇಕೆಂದರೆ, ನನಗೆ ಯೋರ್ನ್‌ಗಿಂತ ಈ ಹೆಂಗಸರ ಕೈ ಹೆಚ್ಚು ಹಿಡಿಸುತ್ತದೆ.

ಇದನ್ನೆಲ್ಲ ಈಗ ಯೋಚಿಸಲು ಕಾರಣ ಕಳೆದ ತಿಂಗಳು ಸಿಕ್ಕ ಚಿತ್ರ. ಹಾರ್ಡ್‌ಬೋರ್ಡ್ ಮೇಲಿನ ಎಣ್ಣೆಬಣ್ಣ. ಬಾವಿ, ಎರಡು ತೆಂಗಿನ ಮರ, ಕೊಡ ಹೊತ್ತ ಹೆಂಗಸು. ಇದೂ ಫ್ರೇಮಿನ ಬೆಲೆಗೇ ಬಂತು. ಮೂಲೆಯಲ್ಲಿ ‘ಎಸ್.ಆರ್., 84’ ಎಂದಿದೆ. ಬರೆದವರಿಗೆ ತೆಂಗು ಬರುತ್ತಿತ್ತು, ಬಾವಿ ಬರುತ್ತಿತ್ತು, ಕೈ ಬರುತ್ತಿರಲಿಲ್ಲ. ಕೊಡ ಹಿಡಿದ ಆ ಕೈಯಲ್ಲಿ ಬಣ್ಣ ದಪ್ಪಗೆ ಗಟ್ಟಿಕಟ್ಟಿದೆ. ಓರೆ ಬೆಳಕಿಗೆ ಹಿಡಿದರೆ ಅಡಿಯಲ್ಲಿ ಬೇರೆ ಬೆರಳುಗಳ ಉಬ್ಬು ಕಾಣುತ್ತದೆ, ಒಂದರ ಮೇಲೊಂದು, ಮೂರು ಸಲವಾದರೂ ತಿದ್ದಿರಬೇಕು. ಕೊನೆಗೂ ಸರಿಬಂದಿಲ್ಲ. ಹೆಬ್ಬೆರಳು ತಪ್ಪು ಕಡೆಗಿದೆ.

ಸೀನರಿಯ ಮೇಲೆ ಟ್ಯಾಂಕರ್ ನಿಲ್ಲಿಸುವಾಗ ನನಗೆ ಯಾರೂ ಎದುರಾಗುವುದಿಲ್ಲ. ಅದರ ಪ್ರತಿಗಳು ಇನ್ನೆಷ್ಟೋ ಗೋಡೆಗಳ ಮೇಲಿವೆ. ಇದು ಇರುವುದು ಒಂದೇ. ಆ ಹೆಬ್ಬೆರಳನ್ನು ಎರಡು ನಿಮಿಷದಲ್ಲಿ ಸರಿಮಾಡಬಲ್ಲೆ. ಮುಚ್ಚಿಬಿಡಲೂ ಬಲ್ಲೆ. ಹಾಗೇ ಬಿಟ್ಟರೂ ಅದು ಮತ್ತೆ ಸಂತೆಗೆ ಹೋಗಿ, ಚಿತ್ರ ಕಿತ್ತು, ಫ್ರೇಮು ಮಾತ್ರ ಯಾರದೋ ಮನೆ ಸೇರುತ್ತದೆ.

ಸದ್ಯ ಆಕಾಶದಿಂದ ಶುರು ಮಾಡಿದ್ದೇನೆ. ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ನಾನೂ ಎಣ್ಣೆಬಣ್ಣವನ್ನೇ ತಂದೆ. ಒಂದು ಪದರ ಒಣಗಲು ದಿನಗಟ್ಟಲೆ ಬೇಕು. ತೆಂಗಿನ ಮರಗಳ ಹಿಂದೆ ಮೊಬೈಲ್ ಟವರೊಂದು ತೆಳ್ಳಗೆ ಏಳುತ್ತಿದೆ. ಕೆಲಸ ಹಿಡಿಯುವ ಮುಂಚೆ ಇಡೀ ಚಿತ್ರದ ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಹಿಂಬದಿಗೆ ಅಂಟಿಸಿದೆ. ಅದರ ಕೆಳಗೆ ‘ಎಸ್.ಆರ್., 84’ ಎಂದು ಬರೆದು, ಅದರ ಕೆಳಗೆ ನನ್ನ ಹೆಸರು, ಇಸವಿ, ಕೊಟ್ಟ 120 ರೂಪಾಯಿ. ಕೈಯ ಹತ್ತಿರ ಇನ್ನೂ ಹೋಗಿಲ್ಲ.