ಸೊನ್ನೆಯಿಂದಲೋ ಒಂದರಿಂದಲೋ

ಕಳೆದ ವರ್ಷ ಒಂದು ತಿಂಗಳ ಕೊನೆಯ ರಾತ್ರಿ ನಮ್ಮ ಬಿಲ್ಲಿಂಗ್ ಜಾಬ್ ಅರ್ಧಕ್ಕೆ ನಿಂತಿತು. ತಡವಾಗಿ ಹಣ ಕಟ್ಟಿದವರಿಗೆ ದಂಡ ಲೆಕ್ಕ ಹಾಕುವ ಫಂಕ್ಷನ್ನೇ ಕೋಡಿನಲ್ಲಿ ಇರಲಿಲ್ಲ. ಅದನ್ನು ಅಳಿಸಿದ್ದು ಎಐ ಏಜೆಂಟ್. ಅಳಿಸುವಂತೆ ಮಾಡಿದ್ದು ನಾನು ಬರೆದ ಒಂದು ಸಾಲು. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಹಿಡಿಯಿತು.

ನಮ್ಮ ಪೈಥಾನ್ ಕೋಡ್ ದೊಡ್ಡದು, ಹಳೆಯದು. ಏಜೆಂಟ್ ಅದರಲ್ಲಿ ಏನು ಹುಡುಕಬೇಕಾದರೂ ಗ್ರೆಪ್ ಬಳಸುತ್ತಿತ್ತು. 1973ರಿಂದ ಇರುವ ಈ ಟೂಲ್ ಅಕ್ಷರಗಳನ್ನಷ್ಟೇ ನೋಡುತ್ತದೆ. ‘ಸೇವ್’ ಎಂದು ಹುಡುಕಿದರೆ ಬೇಕಾದ ಫಂಕ್ಷನ್ನೂ ಬರುತ್ತದೆ, ಕಾಮೆಂಟೂ ಬರುತ್ತದೆ, ಸಂಬಂಧವೇ ಇಲ್ಲದ ಇನ್ನೊಂದು ಕ್ಲಾಸಿನ ಸೇವ್ ಕೂಡ ಬರುತ್ತದೆ. ಅದಕ್ಕಾಗಿ ನಾನು ಒಂದು ಲ್ಯಾಂಗ್ವೇಜ್ ಸರ್ವರನ್ನು, ಏಜೆಂಟಿಗೆ ಹೊರಗಿನ ಟೂಲ್ ಜೋಡಿಸುವ ಎಂಸಿಪಿ ಎಂಬ ಪ್ರೋಟೋಕಾಲ್ ಮೂಲಕ, ಏಜೆಂಟಿಗೆ ಜೋಡಿಸಿದೆ. ಒಂದು ಹೆಸರು ಎಲ್ಲಿ ಹುಟ್ಟಿದೆ, ಎಲ್ಲೆಲ್ಲಿ ಬಳಕೆಯಲ್ಲಿದೆ ಎಂದು ಭಾಷೆಯ ನಿಯಮ ಅರಿತು ಹೇಳುವ ವ್ಯವಸ್ಥೆ ಅದು. ಕೋಡ್ ಬರೆಯಲು ಮೂರು ವಾರ ಕೊಟ್ಟೆ. ಈ ಟೂಲ್ ಏನು ಮಾಡುತ್ತದೆ ಎಂದು ಏಜೆಂಟಿಗೆ ತಿಳಿಸುವ ವಿವರಣೆಗೆ ಒಂದು ನಿಮಿಷ. ಇಂಗ್ಲಿಷಿನಲ್ಲಿದ್ದ ಆ ವಿವರಣೆಯ ಅರ್ಥ ಇಷ್ಟೇ: ‘ಕೊಟ್ಟ ಸಾಲಿನಲ್ಲಿರುವ ಹೆಸರಿನ ಬಳಕೆಗಳನ್ನು ಹುಡುಕುತ್ತದೆ.’

ಒಂದು ದಿನ ಏಜೆಂಟಿಗೆ ಹೇಳಿದೆ: ಈ ಫೈಲಿನಲ್ಲಿ ಯಾರೂ ಬಳಸದ ಫಂಕ್ಷನ್‌ಗಳನ್ನು ತೆಗೆದುಹಾಕು. ಅದು ಮೂರನ್ನು ತೆಗೆಯಿತು. ಟೆಸ್ಟ್‌ಗಳೆಲ್ಲ ಪಾಸಾದವು, ನಾನು ಒಪ್ಪಿಗೆ ಕೊಟ್ಟೆ. ಮೂರರಲ್ಲಿ ಒಂದು ಆ ದಂಡದ ಫಂಕ್ಷನ್; ಅದು ತಿಂಗಳಿಗೊಮ್ಮೆ ಮಾತ್ರ ಕೆಲಸಕ್ಕೆ ಬರುವಂಥದ್ದು, ಅದಕ್ಕೆ ಟೆಸ್ಟ್ ಇರಲಿಲ್ಲ. ಇಲ್ಲದ ಫಂಕ್ಷನ್ನನ್ನು ಕರೆದರೆ ಪೈಥಾನಿನಲ್ಲಿ ಆ ಸಾಲು ಓಡಿದಾಗಲೇ ಗೊತ್ತಾಗುವುದು.

‘ಮಾಡೆಲ್ ಸರಿಯಿಲ್ಲ’ ಎಂದು ಮೀಟಿಂಗಿನಲ್ಲಿ ಹೇಳಿಬಿಟ್ಟೆ. ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ನನ್ನ ವಿವರಣೆಯನ್ನು ಓದಿ ಕೇಳಿದಳು: ‘ಸರ್, ಇಲ್ಲಿ ಸಾಲನ್ನ ಸೊನ್ನೆಯಿಂದ ಎಣಿಸಬೇಕಾ, ಒಂದರಿಂದಾನಾ?’

ಅಲ್ಲೇ ಇತ್ತು ತಪ್ಪು. 2016ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್‌ನಲ್ಲಿ ಸಾಲಿನ ಎಣಿಕೆ ಸೊನ್ನೆಯಿಂದ ಶುರು. ಏಜೆಂಟ್ ಓದುವ ಫೈಲಿನಲ್ಲಿ ಸಾಲುಗಳು ಒಂದರಿಂದ. ದಂಡದ ಫಂಕ್ಷನ್ ಇದ್ದ ಸಾಲನ್ನು ಏಜೆಂಟ್ 118 ಎಂದು ಕಳಿಸಿದಾಗ ನನ್ನ ಟೂಲ್ ನೋಡಿದ್ದು 119ನೇ ಸಾಲನ್ನು. ಅಲ್ಲಿದ್ದದ್ದು ಫಂಕ್ಷನ್ನಿನ ಬಗೆಗಿನ ಒಂದು ವಾಕ್ಯ. ಹುಡುಕಲು ಹೆಸರೇ ಇರಲಿಲ್ಲ. ಆಗ ಟೂಲ್ ಎರರ್ ಕೊಡಲಿಲ್ಲ, ಖಾಲಿ ಪಟ್ಟಿ ಕೊಟ್ಟಿತು. ಖಾಲಿ ಪಟ್ಟಿ ಎಂದರೆ ಬಳಕೆ ಇಲ್ಲ ಎಂದು ಏಜೆಂಟ್ ತಿಳಿಯಿತು. ಬೇರೆ ರೀತಿ ತಿಳಿಯಲು ನಾನು ಅದಕ್ಕೆ ದಾರಿಯನ್ನೇ ಬಿಟ್ಟಿರಲಿಲ್ಲ.

ಟೂಲಿನ ಒಳಗಿನ ಕೋಡ್ ಏಜೆಂಟಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಟೂಲಿನ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ, ಇಷ್ಟು ಮಾತ್ರ. ಹೊಸದಾಗಿ ಬಂದವರು ಅನುಮಾನ ಬಂದರೆ ಪಕ್ಕದವರನ್ನು ಕೇಳುತ್ತಾರೆ. ಏಜೆಂಟ್ ಹೆಚ್ಚಿನ ಸಲ ಇದ್ದಷ್ಟರಲ್ಲೇ ಊಹಿಸಿ ಮುಂದೆ ಹೋಗುತ್ತದೆ. ನನಗೆ ಗೊತ್ತಿದ್ದದ್ದು ಅದಕ್ಕೂ ಗೊತ್ತಿದೆ ಎಂದುಕೊಂಡದ್ದು ನನ್ನ ತಪ್ಪು.

ವಿವರಣೆಯನ್ನು ಮತ್ತೆ ಬರೆದೆ. ಈಗ ಅದು ಹೀಗಿದೆ: ‘ಒಂದು ಫಂಕ್ಷನ್ ಅಥವಾ ಕ್ಲಾಸ್ ನಿಜವಾಗಿ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ತಿಳಿಯಲು, ಅದರ ಹೆಸರು ಬದಲಿಸುವ ಅಥವಾ ಅಳಿಸುವ ಮುನ್ನ ಇದನ್ನು ಬಳಸಿ. ಕಾಮೆಂಟ್, ಸಂರಚನಾ ಫೈಲ್, ಉದ್ಧರಣೆಯೊಳಗಿನ ಪಠ್ಯ ಹುಡುಕಲು ಗ್ರೆಪ್ ಬಳಸಿ. ಸಾಲಿನ ಸಂಖ್ಯೆ ಒಂದರಿಂದ, ಫೈಲಿನಲ್ಲಿ ಕಂಡಂತೆಯೇ ಕೊಡಿ. ಆ ಜಾಗದಲ್ಲಿ ಹೆಸರಿಲ್ಲದಿದ್ದರೆ ಎರರ್ ಬರುತ್ತದೆ. ಖಾಲಿ ಪಟ್ಟಿ ಬಂದರೂ ಬಳಕೆಯೇ ಇಲ್ಲ ಎಂದಲ್ಲ; ಹೆಸರನ್ನು ಪಠ್ಯವಾಗಿ ಕರೆಯುವ ಕಡೆಗಳು ಇದಕ್ಕೆ ಸಿಗುವುದಿಲ್ಲ. ಅಳಿಸುವ ಮುನ್ನ ಗ್ರೆಪ್‌ನಲ್ಲೂ ನೋಡಿ.’ ವಿವರಣೆಗೆ ತಕ್ಕಂತೆ ಕೋಡನ್ನೂ ತಿದ್ದಿದೆ. ಆಮೇಲೆ, ಉತ್ತರ ನನಗೆ ಮೊದಲೇ ಗೊತ್ತಿದ್ದ ಹತ್ತು ಪ್ರಶ್ನೆಗಳನ್ನು ಏಜೆಂಟಿಗೆ ಕೊಟ್ಟು, ಅದು ಯಾವ ಟೂಲ್ ಆರಿಸುತ್ತದೆ ಎಂದು ಕೂತು ನೋಡಿದೆ. ಈ ಕೆಲಸ ಮೊದಲೇ ಮಾಡಬೇಕಿತ್ತು.

ಮುಂದಿನ ಮೀಟಿಂಗಿನಲ್ಲಿ ಮಾಡೆಲ್ ಬಗ್ಗೆ ಆಡಿದ ಮಾತನ್ನು ವಾಪಸ್ ತೆಗೆದುಕೊಂಡೆ.

ನೀವೂ ಏಜೆಂಟಿಗೆ ಟೂಲ್ ಬರೆಯುತ್ತಿದ್ದರೆ ಒಂದು ಮಾತು. ನಿಮ್ಮ ಕೋಡ್ ನೋಡಿರದ ಒಬ್ಬರಿಗೆ ಬರೀ ವಿವರಣೆಯನ್ನು ಓದಲು ಕೊಡಿ. ಅವರು ಕೇಳುವ ಮೊದಲ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಬೇಡಿ, ವಿವರಣೆಯಲ್ಲಿ ಬರೆಯಿರಿ.